ಹೊಳೆಮತ್ತಿಯ ಕುತ್ತಿಗೆ

ಜೌಗಿನಲ್ಲಿ ನಡೆಯುವಾಗ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಬೇಕು. ಇದನ್ನು ತರಬೇತಿಯಲ್ಲಿ ಹೇಳಿಕೊಡುವುದಿಲ್ಲ. ಬೂಟು ಹಾಕಿಕೊಂಡು ಇಳಿದರೆ ಕೆಸರು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಾಲು ಮಾತ್ರ ಮೇಲೆ ಬರುತ್ತದೆ. ಬರಿಗಾಲಾದರೆ ಬೇರು ಎಲ್ಲಿದೆ, ಕುಳಿ ಎಲ್ಲಿದೆ ಎಂದು ಕಾಲಿಗೇ ಗೊತ್ತಾಗುತ್ತದೆ. ಜಿಗಣೆ ಹತ್ತುತ್ತದೆ. ಹತ್ತಲಿ, ಕುಡಿದು ತಾನೇ ಬೀಳುತ್ತದೆ.

ನಮ್ಮ ಬೀದಿಯ ಹುಡುಗಿಯೊಬ್ಬಳು ಅರಣ್ಯ ರಕ್ಷಕಿಯಾಗಿ ಆಯ್ಕೆಯಾಗಿದ್ದಾಳೆ. ಪೇಡ ಕೊಡಲು ಮನೆಗೆ ಬಂದಿದ್ದಳು. "ಅಂಕಲ್, ನೀವು ಇಡೀ ಸರ್ವಿಸ್ ಕಾಡಲ್ಲೇ ಕಳೆದೋರು, ನಂಗೆ ಏನಾದ್ರೂ ಹೇಳಿ" ಎಂದಳು. ಆಗ ನನ್ನ ಬಾಯಿಗೆ ಬಂದದ್ದು ಬೂಟಿನ ವಿಷಯ ಮಾತ್ರ. ಅವಳು ನಕ್ಕಳು. "ಅಷ್ಟೇನಾ ಅಂಕಲ್?"

ಅಷ್ಟೇ ಅಲ್ಲ. ಉಳಿದದ್ದನ್ನು ಬಾಯಲ್ಲಿ ಹೇಳುವುದು ನನ್ನಿಂದ ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಗಾರ್ಡ್ ಆಗಿ ಸೇರಿ ಫಾರೆಸ್ಟರ್ ಆಗಿ ನಿವೃತ್ತನಾದೆ. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಎಲ್ಲರಿಗೂ ಆಗುತ್ತದೆ. ಹೇಳಬೇಕಾದದ್ದು ಒಂದು ಮರದ ವಿಷಯ. ಅಲ್ಲಿಗೆ ಹೋಗುವ ಮೊದಲು ನಾನು ಕೆಲಸ ಕಲಿತ ಬಗೆಯನ್ನು ಹೇಳಬೇಕು. ಕಲಿಯದೆ ಮಾಡಿದ ತಪ್ಪಾಗಿದ್ದರೆ ಇಷ್ಟು ವರ್ಷ ಹೊತ್ತುಕೊಂಡು ತಿರುಗುತ್ತಿರಲಿಲ್ಲ.

ನನ್ನ ಮೊದಲ ಬೀಟು ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ಕುರುಚಲು ಕಾಡು, ಅದರ ಸೆರಗಿನ ಕೆರೆಗಳು. ಗಾಳಿ ಈ ಕಡೆ ಬೀಸಿದರೆ ಭದ್ರಾವತಿಯ ಕಾರ್ಖಾನೆಯ ಸೈರನ್ ಕಾಡಿನೊಳಗೂ ಕೇಳುತ್ತಿತ್ತು. ಸೈರನ್ ಕೇಳಿದರೆ ಊಟದ ಡಬ್ಬಿ ಬಿಚ್ಚುವುದು ನಮ್ಮ ಪದ್ಧತಿ. ನನ್ನ ಮೇಲಿದ್ದವರು ಬಸಪ್ಪ ಎಂಬ ಹಳೆಯ ಫಾರೆಸ್ಟರ್. ಸೈಕಲ್ ತುಳಿಯುತ್ತಲೇ ಎಲೆಅಡಿಕೆ ಮಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ಮನುಷ್ಯ. ತಮಾಷೆಯಲ್ಲೇ ಕುಟುಕುವುದರಲ್ಲಿ ಎತ್ತಿದ ಕೈ.

ಸೇರಿದ ಮೊದಲ ಬೇಸಿಗೆಯಲ್ಲೇ ನಾನು ನಗೆಪಾಟಲಾದೆ. ಒಂದು ದಿಣ್ಣೆಯ ಮೇಲೆ ಬೂರುಗದ ಮರಗಳ ಗುಂಪಿತ್ತು. ಒಂದರಲ್ಲೂ ಎಲೆ ಇರಲಿಲ್ಲ. ದೂರದಿಂದ ನೋಡಿದವನೇ ಓಡಿಬಂದು, ರೋಗ ಬಂದು ಮರಗಳೆಲ್ಲ ಸತ್ತಿವೆ ಎಂದು ವರದಿ ಒಪ್ಪಿಸಿದೆ. ಬಸಪ್ಪ ಕೆಲವು ದಿನ ಬಿಟ್ಟು, "ಬಾ, ನಿನ್ನ ಹೆಣಗಳನ್ನ ನೋಡ್ಕೊಂಡು ಬರೋಣ" ಎಂದು ಕರೆದುಕೊಂಡು ಹೋದರು. ದಿಣ್ಣೆಯ ತುಂಬ ಕೆಂಪು ಹೂವು. ಮೈನಾ, ಕಾಗೆ, ಅಳಿಲು ಎಲ್ಲ ಸೇರಿ ಸಂತೆಯ ಹಾಗೆ ಗದ್ದಲ.

"ನೋಡಯ್ಯ, ಹೆಣಗಳೆಲ್ಲ ಕೆಂಪು ಸೀರೆ ಉಟ್ಕೊಂಡು ಮದುವೆಗೆ ಹೊರಟವೆ" ಎಂದರು.

ಆಮೇಲೆ ಕತ್ತಿ ತೆಗೆದು ಒಂದು ಮರದ ತೊಗಟೆಯನ್ನು ಉಗುರಿನಷ್ಟು ಕೆತ್ತಿದರು. ಒಳಗೆ ಹಸಿರು, ಒದ್ದೆ. "ಸತ್ತಿದೆ ಅನ್ನೋಕೆ ಮುಂಚೆ ಹತ್ತಿರ ಹೋಗಿ ಮುಟ್ಟು ಮಾರಾಯ. ದೂರದಿಂದ ನೋಡಿದ್ರೆ ನಾನೂ ನಿನಗೆ ಸತ್ತೋನ ಥರಾನೇ ಕಾಣ್ತೀನಿ."

ಇನ್ನೊಂದು ಪಾಠ ನರ್ಸರಿಯಲ್ಲಿ ಆಯಿತು. ಪಾಲಿಥಿನ್ ಚೀಲದಿಂದ ಸಸಿ ಬಿಡಿಸಿ ಗುಂಡಿಗೆ ಇಡುವುದನ್ನು ತೋರಿಸುವಾಗ ಬೇರು ಮುಗಿದು ಕಾಂಡ ಶುರುವಾಗುವ ಜಾಗವನ್ನು ಎರಡು ಬೆರಳಿನಲ್ಲಿ ಹಿಡಿದರು. "ಇದು ಸಸಿಯ ಕುತ್ತಿಗೆ. ಇಲ್ಲೀವರೆಗೆ ಮಣ್ಣು. ಇದರ ಮೇಲೆ ಒಂದು ಹಿಡಿ ಬಿದ್ರೂ ಉಸಿರು ಕಟ್ಟುತ್ತೆ, ತೊಗಟೆ ಕೊಳೆಯುತ್ತೆ. ತಕ್ಷಣ ಸಾಯಲ್ಲ. ನೀನು ಬೇರೆ ಬೀಟಿಗೆ ಹೋದ ಮೇಲೆ ಸಾಯುತ್ತೆ. ಅದಕ್ಕೇ ಯಾರೂ ನಿನ್ನ ಕೇಳಲ್ಲ."

ಈ ಕೊನೆಯ ಮಾತು ಎಷ್ಟು ನಿಜವೆಂದು ಆಗ ನನಗೆ ತಿಳಿಯಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನೆಡುವುದೇ ನಮ್ಮ ಕೆಲಸ. ಮಳೆ ಬಿದ್ದ ಕೂಡಲೇ ಸಸಿ ಲಾರಿಗಳು ಬರುತ್ತಿದ್ದವು. ಅಕೇಶಿಯಾ, ನೀಲಗಿರಿ, ಮತ್ತೆ ಅಕೇಶಿಯಾ. ಕೆರೆಯಂಚಿನ ಹುಲ್ಲುಬಯಲಿಗೂ ಬಿಡದೆ ನೆಟ್ಟೆವು. ಆ ಬಯಲಿನಲ್ಲಿ ಮೊಟ್ಟೆಯಿಡುತ್ತಿದ್ದ ಟಿಟ್ಟಿಭಗಳು ತಲೆಯ ಮೇಲೆಯೇ ಕೂಗುತ್ತಾ ಸುತ್ತುತ್ತಿದ್ದವು. ನಾವು ಗುಂಡಿ ತೆಗೆಯುತ್ತಿದ್ದೆವು. ಆದೇಶ ಇತ್ತು, ನೆಟ್ಟೆವು. ಅದರ ಬಗ್ಗೆ ಈಗ ವಾದ ಮಾಡುವ ಶಕ್ತಿ ನನಗಿಲ್ಲ.

ನೆಡುವ ಹೆಂಗಸರಲ್ಲಿ ಹನುಮಕ್ಕ ಎಂಬವಳಿದ್ದಳು. ನನಗಿಂತ ನಾಲ್ಕಾರು ವರ್ಷ ಚಿಕ್ಕವಳು. ಗಟ್ಟಿ ಆಳು, ಬಾಯಿಯೂ ಗಟ್ಟಿ. ಒಂದು ದಿನ ಅವಳು ನೆಟ್ಟ ಸಾಲನ್ನು ನೋಡಿದೆ. ಸಸಿಗಳೆಲ್ಲ ಗೇಣುದ್ದ ಮಣ್ಣಿನಲ್ಲಿ ಹೂತುಹೋಗಿದ್ದವು.

"ಏನು ಮಾಡಿದೀಯ ಇದು?"

"ಗಾಳಿಗೆ ಬೀಳ್ಬಾರ್ದು ಅಂತ ಒಂದೆರಡು ಹಿಡಿ ಜಾಸ್ತಿ ಮಣ್ಣು ಕೊಟ್ಟೆ ಸಾರ್."

ನಾನು ಆ ಸಾಲನ್ನು ಒಂದು ಕೊನೆಯಿಂದ ಕೀಳುತ್ತಾ ಹೋದೆ. ಕಿತ್ತು ಅವಳ ಕಾಲ ಬುಡಕ್ಕೆ ಎಸೆದೆ. ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. "ಸಸಿಗೂ ಕುತ್ತಿಗೆ ಇರುತ್ತೆ. ಅದನ್ನ ಮುಚ್ಚಿದ್ರೆ ಕೈಯಾರೆ ಸಾಯಿಸಿದ ಹಾಗೆ. ಗೊತ್ತಾಯ್ತಾ? ಮತ್ತೆ ನೆಡು, ಪೂರ್ತಿ ಸಾಲು" ಎಂದು ಕೂಗಾಡಿದೆ. ಬಸಪ್ಪ ನನಗೆ ಮೆತ್ತಗೆ ಕಲಿಸಿದ ಪಾಠವನ್ನು ನಾನು ಅವಳಿಗೆ ಕಲಿಸಿದ್ದು ಹೀಗೆ.

ಅವಳು ಸೆರಗು ಬಿಗಿದು ಕುಳಿತು ಇಡೀ ಸಾಲನ್ನು ಮತ್ತೆ ನೆಟ್ಟಳು. ಮಾರನೆಯ ದಿನದಿಂದ ಪ್ರತಿ ಸಸಿಯ ಬುಡವನ್ನೂ ಎರಡು ಬೆರಳಿನಲ್ಲಿ ಮುಟ್ಟಿ ನೋಡಿಯೇ ಮುಂದಕ್ಕೆ ಹೋಗುತ್ತಿದ್ದಳು. ಬೇರೆಯವರ ಸಾಲಿಗೂ ನುಗ್ಗಿ, "ಏ ಮಾರಾಯ್ತಿ, ಕುತ್ತಿಗೆ ಕಾಣ್ಲಿ, ಕುತ್ತಿಗೆ!" ಎಂದು ಗದರುತ್ತಿದ್ದಳು. ಹೆಂಗಸರು ಅವಳಿಗೆ ಕುತ್ತಿಗೆ ಹನುಮಕ್ಕ ಎಂದೇ ಹೆಸರಿಟ್ಟರು. ಅವಳ ಸಾಲಿನಲ್ಲಿ ಸಸಿ ಸಾಯುತ್ತಿರಲಿಲ್ಲ.

ಇನ್ನು ಮರದ ವಿಷಯ.

ನಮ್ಮ ಬೀಟಿನ ಕೊನೆಯಲ್ಲಿ ಜಂಬಿನಕೆರೆ ಎಂಬ ಕೆರೆಯಿತ್ತು. ದೊಡ್ಡದೇನಲ್ಲ. ಆದರೆ ಅದರ ಹಿಂಭಾಗದಲ್ಲಿ ನೀರು ಮುಗಿಯುವ ಕಡೆ ದೊಡ್ಡ ಜೌಗು. ಆಳೆತ್ತರದ ಜಂಬುಹುಲ್ಲು, ಅದರೊಳಗೆ ನೀಲಿ ಜಂಬುಕೋಳಿ, ನೀರುಹಾವು, ಆಮೆ. ಜೌಗಿನ ನಡುವೆ ಒಂದು ಹೊಳೆಮತ್ತಿ. ಬೂದಿ ಬಳಿದಂಥ ನುಣುಪು ಮೈ. ನಾಲ್ಕೈದು ಜನ ಕೈಗೆ ಕೈ ಸೇರಿಸಿದರೂ ತಬ್ಬಲಾಗದ ಬುಡ. ಬುಡದ ಒಂದು ಮಡಿಕೆಯೊಳಗೆ ಮನುಷ್ಯ ಕುಳಿತುಕೊಳ್ಳಬಹುದಿತ್ತು. ಮಳೆಗಾಲದಲ್ಲಿ ಕೆರೆನೀರು ಬಂದು ಬೇರು ಮುಚ್ಚುತ್ತಿತ್ತು, ಬೇಸಿಗೆಗೆ ಇಳಿಯುತ್ತಿತ್ತು. ಪ್ರತಿ ವರ್ಷ ಹೆಜ್ಜೇನು ಬಂದು ಎತ್ತರದ ಕೊಂಬೆಗಳಲ್ಲಿ ಸಾಲಾಗಿ ಗೂಡು ಕಟ್ಟುತ್ತಿದ್ದವು. ಬೀಟು ಮುಗಿಸಿ ದಣಿದು ಬಂದಾಗ ಬೂಟು ಕೈಯಲ್ಲಿ ಹಿಡಿದು ಜೌಗು ದಾಟಿ ಅದರ ಬುಡದಲ್ಲಿ ಕುಳಿತುಕೊಳ್ಳುತ್ತಿದ್ದೆ. ಆ ಜಾಗ ನನಗೆ ಮತ್ತು ಕೆಲವು ದನ ಕಾಯುವವರಿಗೆ ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಗಾಳಿ ಬದಲಾಯಿತು. ನೆಡುವುದು ಕಡಿಮೆಯಾಗಿ, ತೋರಿಸುವುದು ಶುರುವಾಯಿತು. ನಮಗೊಬ್ಬರು ಹೊಸ ರೇಂಜ್ ಆಫೀಸರ್ ಬಂದರು. ವಯಸ್ಸು ಕಡಿಮೆ, ಕೊರಳಲ್ಲಿ ಸದಾ ಬೈನಾಕ್ಯುಲರ್. ಸುತ್ತಲಿನ ಕೆರೆ, ಜೌಗು, ಹಳೆಯ ಮರ ಎಲ್ಲವನ್ನೂ ನಡೆದೇ ನೋಡಬೇಕೆಂದು ಹಟ. ತಿಂಗಳುಗಟ್ಟಲೆ ಅವರ ಜೊತೆ ಸುತ್ತಿದೆ. ಜಾಗ ಗುರುತಿಸಲು ಕೈಯಲ್ಲೊಂದು ಜಿಪಿಎಸ್ ಯಂತ್ರ. ನಾನು ಹುಣಸೆಮರ, ಕಲ್ಲು, ಕೋಡಿ ಎಂದು ಹೇಳುತ್ತಿದ್ದೆ, ಅವರು ಅಂಕಿ ಓದುತ್ತಿದ್ದರು. ಅವರು ಒಳ್ಳೆಯವರು. ಇದನ್ನು ಒತ್ತಿ ಹೇಳುತ್ತೇನೆ. ಮುಂದೆ ಆದದ್ದನ್ನು ಓದಿ ಅವರ ಮೇಲೆ ಹೊರಿಸಬೇಡಿ.

ಹೊಳೆಮತ್ತಿಯನ್ನು ನೋಡಿ ಅವರು ಬೈನಾಕ್ಯುಲರನ್ನು ಕಣ್ಣಿಗಿಡುವುದನ್ನೇ ಮರೆತರು.

"ರುದ್ರಪ್ಪ, ಇದಕ್ಕೆಷ್ಟು ವರ್ಷ ಇರಬಹುದು?"

"ಐನೂರು ಇರಬಹುದು ಸಾರ್."

"ಯಾರು ಹೇಳಿದ್ದು?"

"ಹಿಂದಿನೋರು ಹೇಳ್ತಿದ್ರು ಸಾರ್."

ಯಾರೂ ಹೇಳಿರಲಿಲ್ಲ. ಅವರ ಮುಖದಲ್ಲಿದ್ದ ಸಂತೋಷಕ್ಕೆ ಏನಾದರೂ ಸೇರಿಸೋಣ ಎನಿಸಿ ಬಾಯಿಗೆ ಬಂದ ಅಂಕಿ ಹೇಳಿದೆ. "ಸಕ್ರೆಬೈಲಿಗೆ ಆನೆ ನೋಡೋಕೆ ಹೋಗ್ತಾರೆ, ತ್ಯಾವರೆಕೊಪ್ಪಕ್ಕೆ ಹುಲಿ ನೋಡೋಕೆ ಹೋಗ್ತಾರೆ. ಐನೂರು ವರ್ಷದ ಮರ ನೋಡೋಕೆ ಬರಲ್ವಾ?" ಎಂದರು ಅವರು. ಬೋರ್ಡು, ಕಾಲುದಾರಿ, ಶಾಲೆಯ ಮಕ್ಕಳಿಗೆ ಶಿಬಿರ, ಎಲ್ಲವೂ ಅವತ್ತೇ ಅವರ ತಲೆಯಲ್ಲಿ ಸಿದ್ಧವಾದವು.

ಕೆಲವು ವಾರಗಳ ನಂತರ ಮರದ ಬುಡದಲ್ಲೇ ನಿಂತು ಕೇಳಿದರು. "ಜನ ಬಂದ್ರೆ ಬೇರು ತುಳಿದು ಹಾಳು ಮಾಡ್ತಾರೆ. ಸುತ್ತ ಒಂದು ಕಟ್ಟೆ ಕಟ್ಟಿ ಒಳಗೆ ಮಣ್ಣು ತುಂಬಿಬಿಟ್ರೆ ಹೇಗೆ? ಕೂತ್ಕೊಳ್ಳೋಕೂ ಆಗುತ್ತೆ. ಮರಕ್ಕೇನೂ ತೊಂದರೆ ಇಲ್ಲ ತಾನೇ?"

ಅವರು ನನ್ನನ್ನು ಕೇಳಿದರು. ಗಿಡಮರದ ವಿಷಯದಲ್ಲಿ ಅವರು ಪುಸ್ತಕಕ್ಕಿಂತ ನನ್ನನ್ನು ನಂಬುತ್ತಿದ್ದರು. ಆಗ ನನ್ನ ಮೊಣಕಾಲು ಸವೆದಿದ್ದವು. ಶಿವಮೊಗ್ಗದ ನರ್ಸರಿಗೆ ವರ್ಗ ಮಾಡಿಸಿಕೊಡಿ ಎಂದು ಅದೇ ವಾರ ಅವರಲ್ಲಿ ಬೇಡಿಕೊಂಡಿದ್ದೆ. ಬೇಡ ಎಂದರೆ ಅವರ ಉತ್ಸಾಹಕ್ಕೆ ತಣ್ಣೀರು ಎರಚಿದಂತೆ, ನನ್ನ ವರ್ಗವೂ ಮೂಲೆಗೆ ಬಿದ್ದಂತೆ ಎಂದು ಲೆಕ್ಕ ಹಾಕಿದೆ. ಅವರು ಹಾಗೆ ಮಾಡುವವರಲ್ಲ ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ.

"ಏನೂ ತೊಂದರೆ ಇಲ್ಲ ಸಾರ್. ಊರೂರಲ್ಲಿ ಅರಳಿಕಟ್ಟೆ ಇಲ್ವಾ?"

ಈ ಮಾತಿನಲ್ಲಿರುವ ಮೋಸವನ್ನು ಹೊಸಬರು ತಿಳಿದುಕೊಳ್ಳಬೇಕು. ಅರಳಿಕಟ್ಟೆಯಲ್ಲಿ ಮೊದಲು ಕಟ್ಟೆ, ಆಮೇಲೆ ಸಸಿ. ಮರವೇ ಕಟ್ಟೆಯ ಮೇಲಿನ ಮಣ್ಣಿನಲ್ಲಿ ಹುಟ್ಟಿ ಬೆಳೆದಿರುತ್ತದೆ, ಅದರ ಕುತ್ತಿಗೆ ಮೇಲೆಯೇ ಇರುತ್ತದೆ. ನಿಂತ ಹಳೆಯ ಮರಕ್ಕೆ ಸೊಂಟದೆತ್ತರ ಮಣ್ಣು ಏರಿಸುವುದು ಬೇರೆಯೇ ಕೆಲಸ. ಯಾವ ತಪ್ಪಿಗೆ ನಾನು ಹನುಮಕ್ಕನ ಸಾಲು ಕಿತ್ತೆಸೆದಿದ್ದೆನೋ ಅದೇ ತಪ್ಪು ಅದು. ನನಗೆ ಗೊತ್ತಿತ್ತು.

ಕಟ್ಟಲು ಬಂದವನು ಭದ್ರಾವತಿಯ ಗಾರೆ ಮೇಸ್ತ್ರಿ ಸೆಲ್ವಂ. ಅವನ ಅಪ್ಪ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ನೆಲೆಸಿದವನು. ಮೊದಲು ಕೆರೆ ಏರಿಯಿಂದ ಮರದವರೆಗೆ ಜೌಗಿನ ಮೇಲೆ ಗ್ರಾವೆಲ್ ಸುರಿದು ದಾರಿ ಮಾಡಿದರು. ಬೂಟು ಬಿಚ್ಚದೆ ಮರದ ಹತ್ತಿರ ಹೋಗಬಹುದಾಯಿತು. ಕೆರೆನೀರು ಮಾತ್ರ ಆ ದಾರಿಯ ಒಂದೇ ಪಕ್ಕಕ್ಕೆ ನಿಂತಿತು. ಆಮೇಲೆ ಸೈಜುಕಲ್ಲಿನ ಸುತ್ತುಗೋಡೆ ಎದ್ದಿತು. ಒಳಗೆ ಮಣ್ಣು ತುಂಬಲು ಹತ್ತಾರು ಹೆಂಗಸರು ಬಂದರು. ಅವರಲ್ಲಿ ಹನುಮಕ್ಕನೂ ಇದ್ದಳು.

ಒಂದೆರಡು ಸಲ ಮಣ್ಣು ಸುರಿದಳು. ಆಮೇಲೆ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಮರದ ಬುಡವನ್ನೇ ನೋಡುತ್ತಾ ನಿಂತಳು.

"ಗಾರ್ಡ್ ಸಾರ್, ಸಸಿಗೆ ಕುತ್ತಿಗೆ ಐತೆ ಅಂದಿದ್ರಿ. ಮರಕ್ಕೆ ಇರಲ್ವಾ?"

ಉಳಿದ ಹೆಂಗಸರು ಕಿಸಕ್ಕನೆ ನಕ್ಕರು. "ಶುರು ಹಚ್ಕೊಂಡ್ಳು ನೋಡು ಕುತ್ತಿಗೆ ಹನುಮಕ್ಕ" ಎಂದಳು ಒಬ್ಬಳು. ಸಾಹೇಬರು ಏರಿಯ ಮೇಲೆ ಜೀಪಿನ ಹತ್ತಿರ ನಿಂತಿದ್ದರು. ಅವರಿಗೆ ಕೇಳಿಸಿತೇನೋ ಎಂದು ನನಗೆ ಗಾಬರಿ.

"ಮರಾನೇ ಬೇರೆ, ಸಸೀನೇ ಬೇರೆ" ಎಂದೆ.

"ಹೆಂಗೆ ಬೇರೆ ಸಾರ್?"

"ನಿಂಗೆ ಅದೆಲ್ಲ ಯಾಕೆ? ಮಣ್ಣು ಹೊರೋಕೆ ಬಂದಿದೀಯ, ಹೊರು. ಆಗಲ್ಲ ಅಂದ್ರೆ ಮನೆಗೆ ಹೋಗು."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಬುಟ್ಟಿಯನ್ನು ಮೆಲ್ಲಗೆ ನೆಲಕ್ಕೆ ಇಟ್ಟು, ತಲೆಯ ಸಿಂಬೆ ತೆಗೆದು ಕೊಡವಿ, ಗ್ರಾವೆಲ್ ದಾರಿಯನ್ನು ಬಿಟ್ಟು ಜೌಗಿನಲ್ಲೇ ಇಳಿದು ನಡೆದುಹೋದಳು. ಮತ್ತೆ ನಮ್ಮ ಕೆಲಸಕ್ಕೆ ಬರಲಿಲ್ಲ. ಮಳೆಗಾಲದ ನೆಡುವ ಕೆಲಸಕ್ಕೂ ಬರಲಿಲ್ಲ. ನಾನು ಹೇಳಿ ಕಳಿಸಲೂ ಇಲ್ಲ.

ಕಟ್ಟೆ ಚೆನ್ನಾಗಿ ಬಂತು. ಮೇಲೆ ಸಿಮೆಂಟು, ಕೆಂಪು ಬಣ್ಣ, ಹತ್ತಲು ಮೆಟ್ಟಿಲು. ಐನೂರು ವರ್ಷದ ಹೊಳೆಮತ್ತಿ ಎಂದು ಬೋರ್ಡು. ಉದ್ಘಾಟನೆಯ ದಿನ ಟೇಪು ಕತ್ತರಿಸಿದರು, ಉಪ್ಪಿಟ್ಟು, ಕೇಸರಿಬಾತು ಹಂಚಿದರು. ನನ್ನನ್ನು ಮುಂದಕ್ಕೆ ಕರೆದು ಶಾಲು ಹೊದಿಸಿದರು. ಅದಾದ ಸ್ವಲ್ಪ ದಿನಕ್ಕೆ ವರ್ಗವೂ ಆಯಿತು.

ಶಿವಮೊಗ್ಗದ ನರ್ಸರಿಯಲ್ಲಿ ಕೆಲಸ ಸುಖವಾಗಿತ್ತು. ಆಗಾಗ ಮಕ್ಕಳ ಶಿಬಿರ ನಡೆಸಲು ಜಂಬಿನಕೆರೆಗೆ ಕಳಿಸುತ್ತಿದ್ದರು. ಕಟ್ಟೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಜೌಗು ಎಂದರೇನು, ಅದು ನೀರನ್ನು ಹೇಗೆ ಸೋಸುತ್ತದೆ, ಹಳೆಯ ಮರಗಳನ್ನು ಯಾಕೆ ಉಳಿಸಬೇಕು ಎಂದೆಲ್ಲ ಹೇಳುತ್ತಿದ್ದೆ. ಚೆನ್ನಾಗಿಯೇ ಹೇಳುತ್ತಿದ್ದೆ. ಟೀಚರುಗಳು ಬರೆದುಕೊಳ್ಳುತ್ತಿದ್ದರು.

ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ, ತುದಿಯ ಕೊಂಬೆಗಳಲ್ಲಿ ಎಲೆ ತೆಳುವಾಯಿತು. ಬಸಪ್ಪ ಹೇಳಿದ್ದಂತೆಯೇ ತಕ್ಷಣ ಏನೂ ಆಗಿರಲಿಲ್ಲ. ಕಟ್ಟೆಯ ಸಿಮೆಂಟು ಒಂದು ಕಡೆ ಬಿರುಕು ಬಿಟ್ಟಿತ್ತು. ಅದನ್ನು ಸರಿಮಾಡಲು ಸೆಲ್ವಂನನ್ನು ಕರೆಸಿದ್ದೆವು. ಅವನು ಕರಣೆ ಕೈಯಲ್ಲಿ ಹಿಡಿದು ಮೇಲೆ ನೋಡಿದ.

"ಏನ್ ಸಾರ್, ನಿಮ್ ಮರ ಮೇಲಿಂದ ಬೋಳಾಗ್ತಾ ಐತೆ? ನನ್ ತಲೆ ಥರಾನೇ."

"ಹುಳ ಬಿದ್ದಿರಬೇಕು."

"ಹುಳ ಮೇಲೆ ಬಿದ್ರೆ ಕೆಳಗೂ ಬೀಳಲ್ವಾ? ನೋಡಿ ಸಾರ್, ನಂಗೆ ಮರ ಗೊತ್ತಿಲ್ಲ, ಸಿಮೆಂಟು ಗೊತ್ತು. ಇದರೊಳಗೆ ಗಾಳಿ, ನೀರು ಏನೂ ಹೋಗಲ್ಲ. ಅಷ್ಟು ಗಟ್ಟಿ ಹಾಕಿದೀನಿ. ಒಡೀ ಅನ್ನಿ, ನಾಳೆ ನಾಲ್ಕಾಳು ಕರ್ಕೊಂಡು ಬಂದು ಒಡೆದು ಹಾಕ್ತೀನಿ. ಕಟ್ಟಿದೋನು ನಾನೇ, ಒಡೆಯೋಕೆ ಬೇಜಾರಿಲ್ಲ."

ಅಷ್ಟು ಸುಲಭವಿತ್ತು. ಆಗ ಒಡೆದಿದ್ದರೆ ಬದುಕುತ್ತಿತ್ತು ಎಂದು ಖಂಡಿತವಾಗಿ ಹೇಳಲಾರೆ, ಬದುಕುವ ಸಾಧ್ಯತೆ ಇತ್ತು. ಆದರೆ ಒಡೆಯಬೇಕಾದರೆ ಯಾಕೆ ಎಂದು ಮೇಲಿನವರಿಗೆ ಹೇಳಬೇಕು. ಕಟ್ಟುವಾಗ ತೊಂದರೆ ಇಲ್ಲ ಎಂದವನು ನೀನೇ ಅಲ್ಲವೇ ಎಂದು ಕೇಳುತ್ತಾರೆ. ಬೈನಾಕ್ಯುಲರ್ ಸಾಹೇಬರು ಅಷ್ಟರಲ್ಲಿ ಬೇರೆ ಜಿಲ್ಲೆಗೆ ಹೋಗಿದ್ದರು. ಅವರಿಗೆ ಒಂದು ಫೋನು ಮಾಡಿದ್ದರೂ ಸಾಕಿತ್ತು.

"ಬಿರುಕು ಮುಚ್ಚು, ಸಾಕು. ಬಣ್ಣಾನೂ ಹೊಡ್ದುಬಿಡು" ಎಂದೆ.

ಸೆಲ್ವಂ ಹೆಗಲು ಕುಣಿಸಿ, "ನಿಮ್ ಮರ, ನಿಮ್ ಇಷ್ಟ ಸಾರ್" ಎಂದು ಗಾರೆ ಕಲೆಸಲು ಕುಳಿತ.

ಮರುವರ್ಷ ಹೆಜ್ಜೇನು ಬರಲಿಲ್ಲ. ಶಿಬಿರದ ಮಗುವೊಂದು, "ಸಾರ್, ಈ ಮರಕ್ಕೆ ಯಾಕೆ ಎಲೆ ಇಲ್ಲ?" ಎಂದು ಕೇಳಿತು. ಬೇಸಿಗೆಯಲ್ಲಿ ಮರಗಳು ಎಲೆ ಉದುರಿಸುತ್ತವೆ ಎಂದು ಹೇಳಿದೆ. ಆಗ ಮಳೆಗಾಲ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಮಗು ಸುತ್ತಲಿನ ಹಸಿರು ಮರಗಳನ್ನು ಒಮ್ಮೆ ನೋಡಿತು. ಆಮೇಲೆ ನಾನು ಶಿಬಿರಕ್ಕೆ ಹೋಗುವುದನ್ನು ಮೊಣಕಾಲಿನ ನೆಪ ಹೇಳಿ ಬಿಟ್ಟೆ.

ಒಣ ಕೊಂಬೆ ಬಿದ್ದು ಯಾರಿಗಾದರೂ ಪೆಟ್ಟಾದೀತು ಎಂದು ಕೊನೆಗೆ ಮರ ಕಡಿಯಲು ತೀರ್ಮಾನವಾಯಿತು. ಆ ಹೊತ್ತಿಗೆ ನಾನು ಫಾರೆಸ್ಟರ್. ನಿಮಗೆ ಗೊತ್ತಿರುವ ಮರ, ನೀವೇ ಹೋಗಿ ಗುರುತು ಹಾಕಿ ಬನ್ನಿ ಎಂದು ನನ್ನನ್ನೇ ಕಳಿಸಿದರು. ಕಡಿಯುವ ಮರಕ್ಕೆ ಇಲಾಖೆಯ ಸುತ್ತಿಗೆಯಿಂದ ಎರಡು ಕಡೆ ಮುದ್ರೆ ಒತ್ತಬೇಕು. ಒಂದು ಎದೆಯೆತ್ತರಕ್ಕೆ, ಇನ್ನೊಂದು ಬುಡಕ್ಕೆ. ಮರ ಸಾಗಿಸಿದ ಮೇಲೂ ಬುಡದ ಮುದ್ರೆ ಮೋಟಿನಲ್ಲಿ ಉಳಿದಿರಬೇಕು, ಅದಕ್ಕೆ.

ಸುತ್ತಿಗೆ ಎತ್ತುವ ಮೊದಲು ಬಸಪ್ಪ ಕಲಿಸಿದಂತೆ ಕತ್ತಿಯಿಂದ ತೊಗಟೆ ಕೆತ್ತಿದೆ. ಕಂದು. ಇನ್ನೊಂದು ಕಡೆ ಕೆತ್ತಿದೆ. ಅಲ್ಲೂ ಕಂದು. ಮರವನ್ನು ಸುತ್ತಿ ಸುತ್ತಿ ಕೆತ್ತಿದೆ. ಜೊತೆಗಿದ್ದ ವಾಚರ್, "ಸಾಕು ಬಿಡಿ ಸಾರ್, ಸತ್ತೈತೆ" ಎಂದ.

ಮೇಲಿನ ಮುದ್ರೆ ಹಾಕಿದೆ. ಬುಡದ ಮುದ್ರೆ ಹಾಕಲು ಬುಡವೇ ಇರಲಿಲ್ಲ. ಅದು ಕಟ್ಟೆಯೊಳಗಿತ್ತು. ಮುದ್ರೆಗಾಗಿ ಕಟ್ಟೆ ಒಡೆಸಬೇಕಾಯಿತು. ಸೆಲ್ವಂನೇ ಬಂದ. ಅವತ್ತು ಅವನು ತಮಾಷೆ ಮಾಡಲಿಲ್ಲ.

ಮಣ್ಣು ತೆಗೆಯುತ್ತಾ ಹೋದಂತೆ ತೊಗಟೆ ನೆನೆದ ರಟ್ಟಿನ ಹಾಗೆ ಕೈಗೆ ಬಂತು. ಆಮೇಲೆ ಇನ್ನೊಂದು ಕಂಡಿತು. ಕಾಂಡದ ಸುತ್ತಲೂ, ನಾವು ತುಂಬಿದ ಮಣ್ಣಿನೊಳಗೆ, ಹೊಸ ಬೇರುಗಳು. ದಾರದಷ್ಟು ಸಣ್ಣವು, ಬೆರಳಿನಷ್ಟು ದಪ್ಪದವು. ಕುತ್ತಿಗೆ ಮುಚ್ಚಿದ ಮೇಲೆ ಮರ ಗಾಳಿಗಾಗಿ ಕಾಂಡದಿಂದಲೇ ಬೇರು ಬಿಟ್ಟು ಮೇಲಕ್ಕೆ ಕಳಿಸಿತ್ತು. ಅವು ಸಿಮೆಂಟಿನವರೆಗೆ ಬಂದು, ಸಿಮೆಂಟಿನ ಅಡಿಯಲ್ಲೇ ಅಡ್ಡಡ್ಡ ಹರಿದು, ಒಣಗಿದ್ದವು. ನಾನು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದ ಜಾಗದ ಕೆಳಗೇ ಅವಿದ್ದವು.

ಮರ ಬಿದ್ದ ಮೇಲೆ ವಯಸ್ಸು ತಿಳಿಯಲು ಮೋಟಿನ ಉಂಗುರ ಎಣಿಸೋಣವೆಂದು ಹೋದೆ. ನಡುವೆ ಪೂರ್ತಿ ಟೊಳ್ಳು. ಎಣಿಸಲು ಅಂಚಿನ ಸ್ವಲ್ಪ ಭಾಗ ಮಾತ್ರ ಉಳಿದಿತ್ತು. ಹೀಗಾಗಿ ನನ್ನ ಐನೂರು ವರ್ಷ ಸುಳ್ಳೆಂದು ಯಾರೂ ಹೇಳುವಂತಿಲ್ಲ, ನಿಜವೆಂದು ನಾನೂ ಹೇಳುವಂತಿಲ್ಲ. ರೋಗದಿಂದ ಒಣಗಿದ ಮರ ಎಂದು ವರದಿಯಾಯಿತು. ಬಸಪ್ಪ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಯಾರೂ ನನ್ನನ್ನು ಕೇಳಲಿಲ್ಲ.

ನಿವೃತ್ತಿಯಾದ ಮೇಲೆ ಹನುಮಕ್ಕನನ್ನು ಹುಡುಕಿದೆ. ಮಗಳ ಮನೆಯಲ್ಲಿದ್ದಾಳೆ, ಆಯನೂರಿನ ಹತ್ತಿರ ಎಂದು ಹಳೆಯ ವಾಚರ್ ಒಬ್ಬ ಹೇಳಿದ. ಸಾಗರದ ಬಸ್ಸು ಹತ್ತಿ ಹೋದೆ. ಅವಳು ಅಂಗಳದಲ್ಲಿ ಕುಳಿತು ಹುಣಸೆಹಣ್ಣು ಕುಟ್ಟುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿಯಲು ಅವಳಿಗೆ ಹೊತ್ತು ಬೇಕಾಗಲಿಲ್ಲ.

"ಓಹೋ, ಗಾರ್ಡ್ ಸಾರು. ಏನು, ನಮ್ಮಲ್ಲೇನಾದ್ರೂ ಕಳ್ಳ ನಾಟಾ ಮರ ಐತೆ ಅಂತ ಬಂದ್ರಾ?"

"ರಿಟೈರ್ ಆಯ್ತು ಹನುಮಕ್ಕ."

"ಆಗ್ಲಿ, ಒಳ್ಳೇದಾಯ್ತು. ಕೂತ್ಕೊಳ್ಳಿ. ಮಂಡಿ ಮಡಚೋಕೆ ಆಗುತ್ತಾ? ಇಲ್ಲಾಂದ್ರೆ ಕಲ್ಲಿನ ಮೇಲೆ ಕೂತ್ಕೊಳ್ಳಿ."

ಕಲ್ಲಿನ ಮೇಲೆ ಕುಳಿತೆ. ಹೊಳೆಮತ್ತಿ ಹೋಯಿತು ಎಂದೆ. ಗೊತ್ತು ಎಂದಳು. ಅವಳ ಕೈ ನಿಲ್ಲಲಿಲ್ಲ, ಹುಣಸೆಬೀಜ ಬೇರೆ, ಹಣ್ಣು ಬೇರೆ ಬೀಳುತ್ತಿತ್ತು.

"ಆವತ್ತು ನೀನು ಕೇಳಿದ್ದು ಸರಿ ಇತ್ತು. ಮರಕ್ಕೂ ಕುತ್ತಿಗೆ ಇರುತ್ತೆ. ನನಗೆ ಗೊತ್ತಿತ್ತು. ಗೊತ್ತಿದ್ದೇ ಹಂಗೆ ಹೇಳ್ದೆ."

ಆಗ ಕೈ ನಿಂತಿತು.

"ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಸಿಕೊಳ್ಳಲೆಂದೇ ಹೋಗಿದ್ದೆ ಎಂದರೂ ತಪ್ಪಿಲ್ಲ. ಅವಳು ಕುಟ್ಟುವ ಕಲ್ಲನ್ನು ಪಕ್ಕಕ್ಕಿಟ್ಟು, ಎದುರಿನ ಬೇಲಿಯ ಕಡೆ ನೋಡುತ್ತಾ ಹೇಳಿದಳು.

"ನಾನು ಏನ್ ಅಂದ್ಕೊಂಡೆ ಗೊತ್ತಾ ಸಾರ್? ನಾನೇ ತಪ್ಪು ಕಲ್ತಿದೀನಿ ಅಂದ್ಕೊಂಡೆ. ಓದಿದೋರು, ಕಾಡಲ್ಲೇ ಇರೋರು ಮುಚ್ತಾವ್ರೆ ಅಂದ್ರೆ ಮುಚ್ಚಬೋದೇನೋ, ನನಗೇ ತಿಳೀದೇನೋ ಅಂತ. ಇಲ್ಲಿ ಮಗಳು ಒಂದು ಹಲಸಿನ ಗಿಡ ನೆಟ್ಟಿದ್ಳು. ಚೆನ್ನಾಗಿ ಬಂದಿತ್ತು. ಮಳೆಗೆ ಬೇರು ಕಾಣ್ತಾವೆ, ಮಣ್ಣು ಏರಿಸ್ಲಾ ಅಂತ ಅಳಿಯ ಕೇಳ್ದ. ಮೊದ್ಲಿನ ಹನುಮಕ್ಕ ಆಗಿದ್ರೆ ಅವನ ಕೈ ಮುರೀತಿದ್ದೆ. ಏರಿಸಪ್ಪ ಅಂದೆ. ಹೋಯ್ತು ಅದು."

ಸತ್ತದ್ದು ಒಂದೇ ಮರ ಎಂದು ಇಷ್ಟು ವರ್ಷ ತಿಳಿದಿದ್ದೆ.

"ಅದಾದ್ ಮೇಲೆ ನಾನು ಯಾರಿಗೂ ಏನೂ ಹೇಳಿಲ್ಲ ಸಾರ್, ಗಿಡದ ವಿಷ್ಯ. ಕೇಳಿದ್ರೂ ನಂಗೆ ಗೊತ್ತಿಲ್ಲ ಅಂತೀನಿ." ಗದ್ದ ಎತ್ತಿ ಬೇಲಿಯ ಕಡೆ ತೋರಿಸಿದಳು. "ಅದಕ್ಕೂ ಹಂಗೇ ಮಾಡವ್ನೆ ಈ ವರ್ಷ, ಅಳಿಯ. ನಾನು ನೋಡ್ಕೊಂಡು ಸುಮ್ನೆ ಇದೀನಿ."

ಬೇಲಿಯ ಪಕ್ಕ ಮಾವಿನ ಗಿಡ. ನನ್ನ ಎತ್ತರವಿತ್ತು. ಬುಡಕ್ಕೆ ಪ್ರೀತಿಯಿಂದ ಮಣ್ಣು ಏರಿಸಿ, ಮೇಲೆ ತಟ್ಟಿ ನುಣುಪು ಮಾಡಿದ್ದರು. ನಾನು ಎದ್ದು ಹೋಗಿ ಎಲೆ ಮುಟ್ಟಿ ನೋಡಿದೆ. ಬುಡದ ಮೇಲಿನ ತೊಗಟೆಯನ್ನು ಉಗುರಿನಿಂದ ಗೀರಿದೆ. ಹಸಿರಿತ್ತು.

"ಇದೆ ಹನುಮಕ್ಕ, ಇನ್ನೂ ಜೀವ ಇದೆ. ಗುದ್ದಲಿ ಕೊಡು."

"ಗುದ್ದಲಿ ಬ್ಯಾಡ. ತೊಗಟೆಗೆ ಏಟು ಬೀಳ್ತದೆ. ಕೈಯಲ್ಲಿ ತೆಗೀರಿ."

ಮಂಡಿ ಊರಿ ಕುಳಿತೆ. ಬಹಳ ನೋಯಿತು. ಮಣ್ಣು ಗಟ್ಟಿಯಾಗಿತ್ತು, ಬೆರಳಿನಿಂದ ಕೆರೆದು ಕೆರೆದು ಹೊರಗೆ ಎಳೆದೆ. ಅವಳು ಎದ್ದು ಬಂದು ನನ್ನ ತಲೆಯ ಮೇಲೆಯೇ ಸೊಂಟಕ್ಕೆ ಕೈಯಿಟ್ಟು ನಿಂತಳು, ನಾನು ಅವಳ ಸಾಲಿನ ಹತ್ತಿರ ನಿಂತಿದ್ದ ಹಾಗೆ. ಮಗಳು ಬಾಗಿಲಿಗೆ ಬಂದು, "ಯಾರವ್ವ ಅದು?" ಎಂದಳು. "ನಮ್ಮ ಗಾರ್ಡ್ ಸಾರು. ಕೆಲ್ಸ ಮಾಡ್ತಾವ್ರೆ, ನೀನು ಟೀಗೆ ಇಡು" ಎಂದಳು ಹನುಮಕ್ಕ.

"ಇಷ್ಟು ಸಾಕಾ?" ಎಂದೆ.

ಅವಳು ಬಗ್ಗಿ ಎರಡು ಬೆರಳು ಚಾಚಿ ಬುಡವನ್ನು ಮುಟ್ಟಿ ನೋಡಿದಳು.

"ಇಲ್ಲ. ಕುತ್ತಿಗೆ ಇನ್ನೂ ಕೆಳಗೈತೆ. ತೆಗೀರಿ."